ಮನೆಗೆ ಬಾರದ ಸರಳು

ಕೋಟೇಶ್ವರದ ಲೇತ್ ಶಾಪಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೇನೆ. ಒಳಗಿನಿಂದ ಕಾದ ಎಣ್ಣೆಯ ವಾಸನೆ. ಇದು ಮೂಗಿಗೆ ಬಿದ್ದರೆ ಸಾಕು, ನನ್ನ ಹಳೆಯ ಜಾಣತನ ನೆನಪಾಗಿ ಕಿವಿ ಬಿಸಿಯಾಗುತ್ತದೆ.

ಬರಿಗೈಯಲ್ಲಿ ಶುರುಮಾಡಿ ಪಂಪ್‌ಸೆಟ್ ಅಂಗಡಿ ಕಟ್ಟಿದವನು ನಾನು. ಎಲ್ಲ ಚೌಕಾಸಿಯ ಬಲ. ನಿಮಗೂ ಹೇಳಿಕೊಡುತ್ತೇನೆ: ರೇಟು ಕೇಳಿದ ಕೂಡಲೇ ಮುಖ ಬಾಡಿಸಿ ಮೆಟ್ಟಿಲು ಇಳಿಯಿರಿ, ಅರ್ಧ ಕೆಲಸ ಆದಂತೆ. ಈ ವಿದ್ಯೆ ನಂಬಿಯೇ ಗಂಗೊಳ್ಳಿಯ ಭಾವ ಕೆಲವು ವರ್ಷಗಳ ಹಿಂದೆ ತಮ್ಮ ಬೋಟಿನ ಪ್ರೊಪೆಲ್ಲರ್ ಶಾಫ್ಟಿಗೆ ಹೊಸ ಬುಶ್, ಅಂದರೆ ಶಾಫ್ಟ್ ಒಳಗೆ ತಿರುಗುವ ಲೋಹದ ಕೊಳವೆ, ಮಾಡಿಸುವುದನ್ನು ನನಗೆ ಒಪ್ಪಿಸಿದ್ದರು. ಮಳೆಗಾಲದ ಮೀನುಗಾರಿಕೆ ರಜೆ ಮುಗಿಯಲು ಎರಡೇ ದಿನ. ಮೊದಲ ದಿನದ ಮೀನು ತಪ್ಪಿದರೆ ಮತ್ತೆ ಅಂಥ ದಿನವಿಲ್ಲ.

ಲೇತಿನ ಮಂಜಣ್ಣ ಬುಶ್ಶಿನ ಒಳತೂತು ಕೊರೆದು, "ಇನ್ನ್ ಒಂದ್ ಮ್ಯಾಂಡ್ರಿಲ್ ಮಾಡ್ಕ್, ಅದ್ರ್ ದುಡ್ಡ್ ಬೇರೆ" ಎಂದರು. ಅಂದರೆ ಆ ತೂತಿಗೆ ಬಿಗಿಯಾಗಿ ಕೂರುವ ಸರಳು. ಬುಶ್ಶನ್ನು ಅದಕ್ಕೆ ಏರಿಸಿ ಹೊರಮೈ ಕಡೆದರೆ ಒಳಗೂ ಹೊರಗೂ ನಡು ಒಂದೇ.

"ಆ ಸರಳ್ ನಾನ್ ಮನಿಗ್ ತಕಂಡ್ ಹೋಪ್ದಾ?"

"ಇಲ್ಲ, ಅದ್ ಇಲ್ಲೇ ಇರತ್ತ್."

"ಹಂಗಾರೆ ಅದ್ರ್ ದುಡ್ಡ್ ನಾನ್ ಎಂತಕ್ ಕೊಡ್ಕ್?"

"ಹ್ವಾಯ್, ಕಾವ್ಲಿ ತಿಂಬುಕ್ ಆತ್ತಿಲ್ಲೆ ಅಂದ್ಹೇಳಿ ದ್ವಾಸಿ ಅಂಗೈ ಮೇಲ್ ಎರೀತ್ರಿಯಾ?"

ನಾನು ಮೆಟ್ಟಿಲು ಇಳಿದೆ. ವಿದ್ಯೆ ಫಲಿಸಿತು. "ಆಯ್ತ್ ಮಾರಾಯ್ರೆ, ನಿಮ್ ಖುಷಿ" ಎಂದ ಮಂಜಣ್ಣ, ಸರಳಿಲ್ಲದೆ ಒಂದು ತುದಿ ಹಿಡಿದು ಅರ್ಧ, ಮಗುಚಿ ಹಿಡಿದು ಇನ್ನರ್ಧ ಕಡೆದುಕೊಟ್ಟರು. ಗಂಗೊಳ್ಳಿ ಮುಟ್ಟುವವರೆಗೂ ಸಿಕ್ಕಸಿಕ್ಕವರಿಗೆಲ್ಲ ನನ್ನ ಸಾಹಸ ಹೇಳಿದೆ.

ಮೊದಲ ದಿನ ಬೋಟುಗಳೆಲ್ಲ ಸಾಲಾಗಿ ಹೊರಟವು. ಭಾವನದು ಅಳಿವೆ ದಾಟುವ ಮೊದಲೇ ನಡುಗತೊಡಗಿತು. ಇಟ್ಟ ಚಾ ಲೋಟ ತಾನಾಗಿಯೇ ನಡೆದು ಕಡಲಿಗೆ ಬಿತ್ತಂತೆ. ಬುಶ್ಶಿನ ಒಳಗಿನ ನಡು ಒಂದು ಕಡೆ, ಹೊರಗಿನದು ಇನ್ನೊಂದು ಕಡೆ. ಬೋಟು ವಾಪಸ್ಸು ಬಂತು. ಉಳಿದವರು ಬುಟ್ಟಿ ಬುಟ್ಟಿ ಮೀನು ಇಳಿಸುವುದನ್ನು ಬಂದರಿನ ಧಕ್ಕೆಯ ಮೇಲೆ ಕೂತು ನೋಡುತ್ತಿದ್ದ ಭಾವ ಕೇಳಿದ್ದು ಇಷ್ಟೇ: "ಭಾವಯ್ಯ, ಸರಳಿನ್ ದುಡ್ಡ್ ಉಳ್ಸಿದ್ರಿ. ನನ್ ಮೀನ್ ಎಲ್ಲಿ?"

ಆಮೇಲೆ ಸರಳಿಟ್ಟು ಮಾಡಿಸಿದ ಬುಶ್ಶೂ ಈ ವರ್ಷ ಸವೆದಿದೆ. ಭಾವ ತಾವೇ ಬಂದಿದ್ದಾರೆ. ನಾನು ಬೈಕಿನಲ್ಲಿ ಕರೆತಂದವನು ಮಾತ್ರ. ಬಾಗಿಲಲ್ಲೇ ಭಾವನ ಅಪ್ಪಣೆಯಾಯಿತು: "ನೀವ್ ಇಲ್ಲೇ ಕೂಕಣಿ. ಒಳ್ಗ್ ಬಪ್ಪುದ್ ಬ್ಯಾಡ."

ಮಂಜಣ್ಣ ರೇಟು ಹೇಳಿದ್ದು ಕೇಳಿಸಿತು. ಭಾವ "ಆಯ್ತ್" ಎಂದರು. ಅಷ್ಟೇ! ಮುಖ ಕೂಡ ಬಾಡಿಸಲಿಲ್ಲ. ನನ್ನ ನಾಲಿಗೆ ತುರಿಸಿತು. ಹಲ್ಲು ಕಚ್ಚಿ ಕೂತೆ. ಕಿಟಕಿಯಿಂದ ಇಣುಕಿದರೆ, ಸರಳಿನ ಮೇಲೆ ಬುಶ್ ತಿರುಗುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ನೇರ.

ಒಳಗೆ ಕರೆದಿದ್ದರೆ ಆ ಸರಳಿನ ದುಡ್ಡು ನಾನೇ ಕೊಡುತ್ತಿದ್ದೆ, ಕೇಳಿದಷ್ಟು.