ಮೌನಾಚರಣೆಯ ಹೊತ್ತಿನಲ್ಲಿ ಹಾರಿದ ಜೋಡಿ ಗುಂಡು

ಓದುಗ ಮಹಾಶಯರ ಸನ್ನಿಧಾನಕ್ಕೆ, ಈವರೆಗೆ ಕಚೇರಿಯ ಕಾಗದಗಳ ಹೊರತು ಬೇರೇನನ್ನೂ ಬರೆದಿರದವನ ಅರಿಕೆ. ವಿಷಯ: ಮಹಾಯುದ್ಧದಲ್ಲಿ ಮಡಿದ ನಮ್ಮ ಸೀಮೆಯ ಸಿಪಾಯಿಗಳ ಸ್ಮಾರಕ ಶಿಲೆಯ ಅನಾವರಣ, ಹಾಗೂ ಆ ಸಂದರ್ಭದಲ್ಲಿ ನಾನು ಕಣ್ಣಾರೆ ಕಂಡದ್ದು. ಬರವಣಿಗೆಯಲ್ಲಿ ಲೋಪವಿದ್ದಲ್ಲಿ ಮನ್ನಿಸಬೇಕಾಗಿ ಪ್ರಾರ್ಥನೆ.

ಸದರಿ ಶಿಲೆಯನ್ನು ಶ್ರೀಮಂಗಲದ ಕಡೆಗೆ ಹೋಗುವ ದಾರಿಯಲ್ಲಿ ಒಂದು ದಿಬ್ಬದ ಮೇಲೆ ನಿಲ್ಲಿಸಲಾಗಿತ್ತು. ಕೆಳಗೆ ಗದ್ದೆಬಯಲು, ಅದರಾಚೆಗೆ ಕಾಫಿ ಎಸ್ಟೇಟು. ನಾನು ಸ್ಮಾರಕ ಸಮಿತಿಯ ಗುಮಾಸ್ತನಾಗಿದ್ದೆ. ಶಿಲೆಯ ಮೇಲೆ ಸಮಿತಿಯ ಅಧ್ಯಕ್ಷರು, ಉಪಾಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ಗಾರೆ ಒದಗಿಸಿದ ಕಂಟ್ರಾಕ್ಟರರ ಹೆಸರುಗಳನ್ನು ಬಿರುದುಸಹಿತ ಕೆತ್ತಿಸಲಾಗಿತ್ತು. ಹಾಗಾಗಿ ಮಡಿದವರ ಹೆಸರುಗಳಿಗೆ ಸ್ಥಳ ಸಾಲದೆ, ‘ಇಲ್ಲಿಂದ ಹೋಗಿ ಮರಳದವರಿಗೆ’ ಎಂಬ ಒಂದೇ ಸಾಲಿನಲ್ಲಿ ಅವರೆಲ್ಲರನ್ನೂ ಅಡಕಗೊಳಿಸಲಾಯಿತು. ಈ ಬಗ್ಗೆ ಮಡಿದವರಿಂದ ಯಾವ ತಕರಾರೂ ಬರಲಿಲ್ಲ.

ತಕರಾರು ಬಂದದ್ದು ಬಾಳೆಲೆ ಎಂಬ ಊರಿನ ಒಬ್ಬ ವೃದ್ಧೆಯಿಂದ. ಅವರ ಒಬ್ಬನೇ ಮಗ ಅದೇ ಯುದ್ಧದಲ್ಲಿ, ಬಸ್ರಾದ ಕಡೆ ತೀರಿಕೊಂಡಿದ್ದ. ಪರಸ್ಥಳದ ಓದುಗರಿಗೆ ನಿವೇದಿಸುವುದೇನೆಂದರೆ, ಕೊಡವರ ಮನೆಯಲ್ಲಿ ಸಾವಾದರೆ ಅಂಗಳದಲ್ಲಿ ಒಂದರ ಹಿಂದೊಂದು ಎರಡು ಗುಂಡು ಹಾರಿಸುತ್ತಾರೆ. ಅದನ್ನು ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಾರೆ. ಈ ಮಗನ ಸುದ್ದಿ ತಂತಿಯಲ್ಲಿ ಬಂದಾಗ, ಹೆಣವೇ ಇಲ್ಲದ ಸಾವಿಗೆ ಗುಂಡು ಹೇಗೆಂದು ಮನೆಯ ಹಿರಿಯರು ಸುಮ್ಮನಾದರು. ಗುಂಡು ಹಾರಲಿಲ್ಲ. ಆದ್ದರಿಂದ ಯಾರೂ ಬರಲಿಲ್ಲ.

ಅನಾವರಣದ ಹಿಂದಿನ ದಿನ ವೃದ್ಧೆ ತಮ್ಮ ಅಣ್ಣನೊಡನೆ ಸಮಿತಿಯ ಕಚೇರಿಗೆ ಬಂದರು.

“ನಾಳೆ ಆ ಕಲ್ಲಿನ ಹತ್ರ ನನ್ನ ಮಗನಿಗೆ ಎರಡು ಗುಂಡು ಹೊಡೆಸಿ ಸ್ವಾಮಿ. ಮನೇಲಿ ಆಗ್ಲಿಲ್ಲ, ಅಲ್ಲಾದ್ರೂ ಆಗ್ಲಿ.”

“ಅಮ್ಮಾ, ಅದು ಮೌನದ ಕಾರ್ಯಕ್ರಮ,” ಎಂದರು ಕಾರ್ಯದರ್ಶಿಗಳು. “ಎರಡು ನಿಮಿಷ ಯಾರೂ ಕೆಮ್ಮಲೂ ಬಾರದು. ಚಕ್ರವರ್ತಿಗಳ ಅಪ್ಪಣೆ.”

“ಅವ ಸತ್ತ ದಿನದಿಂದ ಮೌನವೇ ಅಲ್ವಾ? ನಿಮ್ಮ ಚಕ್ರವರ್ತಿಗೆ ಅದು ಸಾಲ್ಲಿಲ್ವಾ?”

ಕಾರ್ಯದರ್ಶಿಗಳು, ಪರಿಶೀಲಿಸಲಾಗುವುದು ಎಂದು ಹೇಳಿ ಬಾಗಿಲಿನ ಕಡೆ ನೋಡಿದರು.

ಮರುದಿನ, ಅನಾವರಣಕ್ಕೆ ಬರಲಿದ್ದ ಇಂಗ್ಲಿಷ್ ದೊರೆಗಳ ಸುರಕ್ಷತೆಯ ದೃಷ್ಟಿಯಿಂದ ದಿಬ್ಬದ ಬುಡದಲ್ಲೇ ಜನರ ಕೊಡೆ, ಊರುಗೋಲು, ಎಲೆಯಡಿಕೆ ಚೀಲಗಳನ್ನು ವಶಪಡಿಸಿಕೊಳ್ಳಲಾಯಿತು. ವೃದ್ಧೆಯ ಅಣ್ಣ ಒಂದು ಕೈಯಲ್ಲಿ ಕೊಡೆ, ಹೆಗಲ ಮೇಲೆ ಜೋಡುನಳಿಗೆ ಕೋವಿ ಹಿಡಿದು ಬಂದರು.

“ಕೊಡೆ ಇಲ್ಲಿ ಇಡಿ ಅಜ್ಜ,” ಎಂದ ಪೇದೆ.

“ಕೋವಿ?”

“ಕೋವಿಗೆ ನಿಮ್ಮ ಕೊಡವರಿಗೆ ಸರಕಾರವೇ ವಿನಾಯಿತಿ ಕೊಟ್ಟಿದೆಯಲ್ಲ. ಕೊಡೆಗೆ ಕೊಟ್ಟಿಲ್ಲ.”

ಸಿಪಾಯಿಗಳ ಮನೆಯವರಿಗೆ ಕುರ್ಚಿಗಳ ಹಿಂದೆ, ಹಗ್ಗದಾಚೆ, ಚಾಪೆಯ ವ್ಯವಸ್ಥೆಯಿತ್ತು. ಅಲ್ಲಿಂದ ಅವರಿಗೆ ಸಮಿತಿಯವರ ಪೇಟಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಅಧ್ಯಕ್ಷರು ತಮ್ಮ ಭಾಷಣದಲ್ಲಿ ಈ ಶಿಲೆಗಾಗಿ ಸಮಿತಿ ಮಾಡಿದ ತ್ಯಾಗವನ್ನು ಸವಿಸ್ತಾರವಾಗಿ ವಿವರಿಸಿದರು. ನಂತರ ಕಹಳೆ ಮೊಳಗಿತು. ಎಲ್ಲರೂ ಎದ್ದು ತಲೆ ತಗ್ಗಿಸಿದರು.

ಆಗ ಹಿಂದಿನಿಂದ ಗುಂಡು ಹಾರಿತು. ಅದರ ಸದ್ದು ಅಡಗುವ ಮುನ್ನವೇ ಇನ್ನೊಂದು.

ಉಪಾಧ್ಯಕ್ಷರು, ಯುದ್ಧಾನುಭವವಿಲ್ಲದಿದ್ದರೂ, ತಕ್ಷಣವೇ ಕುರ್ಚಿಯ ಕೆಳಗೆ ಸ್ಥಾನ ಪಡೆದರು. ದೊರೆಗಳ ಟೋಪಿ ಬಿತ್ತು. “ಯಾರದು? ಹಿಡೀರಿ ಅವನನ್ನ!” ಎಂದು ಕಾರ್ಯದರ್ಶಿಗಳೇ ಮೌನವನ್ನು ಮುರಿದರು.

“ಹಿಡಿಯೋದು ಆಮೇಲೆ ಹಿಡೀರಿ,” ಎಂದರು ಅಣ್ಣ, ಕೋವಿ ಇಳಿಸುತ್ತ. “ಈಗ ಸಾವಾಗಿದೆ.”

ಪೇದೆಗಳು ಅಪ್ಪಣೆಗಾಗಿ ಕಾರ್ಯದರ್ಶಿಗಳ ಮುಖ ನೋಡುತ್ತಿದ್ದಂತೆ ಗದ್ದೆಬಯಲಿನಲ್ಲಿ ಬಗ್ಗಿದ್ದವರು ನೆಟ್ಟಗಾದರು. ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಲಿನ ಕೆಸರು ತೊಳೆಯದೆ, ದಿಬ್ಬ ಹತ್ತತೊಡಗಿದರು. ಎಸ್ಟೇಟಿನ ಕೂಲಿ ಲೈನುಗಳಿಂದಲೂ ಜನ ಹೊರಟಿತು. ಸಮಿತಿ ಅವರಲ್ಲಿ ಒಬ್ಬರನ್ನೂ ಆಹ್ವಾನಿಸಿರಲಿಲ್ಲ.

“ಪಾಸು ಎಲ್ಲಿ?” ಎಂದು ಪೇದೆ ಅಡ್ಡ ನಿಂತ.

“ಸಾವಿಗೆ ಯಾವ ಪಾಸು ಮಾರಾಯ? ದಾರಿ ಬಿಡು!” ಎಂದು ಮುಂದಿದ್ದ ಹೆಂಗಸು ಅವನನ್ನು ಬದಿಗೆ ಸರಿಸಿ ಒಳಗೆ ನುಗ್ಗಿದಳು. “ಯಾರು ಹೋದ್ದು?”

ವೃದ್ಧೆ ಎದ್ದು ನಿಂತು, ಮನೆತನದ ಹೆಸರು ಸೇರಿಸಿ ಮಗನ ಹೆಸರನ್ನು ಗಟ್ಟಿಯಾಗಿ ಹೇಳಿದರು. ಯಾವಾಗ ಸತ್ತದ್ದೆಂದು ಯಾರೂ ಕೇಳಲಿಲ್ಲ. ಹೆಂಗಸರು ಅವರನ್ನು ನಡುವೆ ಕೂರಿಸಿಕೊಂಡರು. ತಂತಿ ಬಂದ ದಿನ ಅತ್ತಿರಲಿಲ್ಲವೆಂದು ಹೇಳಲಾಗುವ ಆ ತಾಯಿ, ಆ ಚಾಪೆಯ ಮೇಲೆ ಅತ್ತರು.

ಇದೇನೆಂದು ದೊರೆಗಳು ವಿಚಾರಿಸಲಾಗಿ, ಕಾರ್ಯದರ್ಶಿಗಳು ಇದೂ ಕಾರ್ಯಕ್ರಮದ ಅಂಗವೆಂದು ಅರಿಕೆ ಮಾಡಿಕೊಂಡರು. ದೊರೆಗಳು ಮೆಚ್ಚಿದರು. ಉಪಾಧ್ಯಕ್ಷರು ಕುರ್ಚಿಯ ಕೆಳಗಿನಿಂದ ಹೊರಬಂದು ತಾವೂ ಮೆಚ್ಚಿದರು. ಹಿಡಿಯುವ ಮಾತು ಅಲ್ಲಿಗೇ ನಿಂತಿತು.

ಅಷ್ಟರಲ್ಲಿ ಪಕ್ಕದ ಚಾಪೆಯಿಂದ ಇನ್ನೊಬ್ಬ ತಾಯಿ ಎದ್ದು, ಕೋವಿ ಹಿಡಿದ ಅಣ್ಣನ ಬಳಿ ಬಂದು ತಗ್ಗಿದ ದನಿಯಲ್ಲಿ ಕೇಳಿದರು:

“ಅಣ್ಣಾ, ಕೋವಿಗೆ ಇನ್ನೆರಡು ತೋಟಾ ಉಂಟಾ?”

ಅವರು ಕೋಟಿನ ಜೇಬಿಗೆ ಕೈ ಹಾಕಿದರು. ಉಪಾಧ್ಯಕ್ಷರು ಪುನಃ ಕುರ್ಚಿಯ ಕಡೆ ನೋಡತೊಡಗಿದರು.