ಗೃಹಪ್ರವೇಶಕ್ಕೆ ಹೋದ ನಮ್ಮ ಹಸು

ಮೊನ್ನೆ ಮೊಮ್ಮಗಳು ಹುಟ್ಟಿದಾಗಿನಿಂದ ನನ್ನ ಕಾಲು ನೆಲದ ಮೇಲಿಲ್ಲ. ಬೀದಿಗೆಲ್ಲ ಸಕ್ಕರೆ ಹಂಚಿ ಬಂದೆ. ಖುಷಿ ಹಾಲಿನ ಹಾಗೆ ಉಕ್ಕಿದಾಗ ತಳದಲ್ಲಿ ಸೀದದ್ದೂ ಮೇಲೆ ಬರುತ್ತದೆ. ಜಯನಗರದ ಮೇಲಿನ ಕಹಿಯೂ ಹಾಗೇ ಬಂತು. ಬರೆದೇಬಿಡುತ್ತೇನೆ, ಮಗು ದೊಡ್ಡವಳಾಗಿ ಓದಲಿ.

ಈಗ ಜಯನಗರದ ಬ್ಲಾಕುಗಳಿರುವ ಕಡೆ ಮೊದಲು ನಮ್ಮ ರಾಗಿ ಹೊಲ, ಹುರುಳಿ ಹೊಲ. ಬಡಾವಣೆಗೆಂದು ಸರ್ಕಾರ ತೆಗೆದುಕೊಂಡಿತು. ಎಪ್ಪತ್ತರ ದಶಕದಲ್ಲಿ ಒಂದೊಂದೇ ಮನೆ ಎದ್ದಿತು: ಮೊಸಾಯಿಕ್ ನೆಲ, ತೇಗದ ಬಾಗಿಲು, ಕಾರಿಗೂ ಒಂದು ಕೋಣೆ. ಜನ ಒಳ್ಳೆಯವರೇ, ಮಾತು ಮೆತ್ತಗೆ. ಹೊಲ ಹೋದ ಮೇಲೆ ನಮಗೆ ಉಳಿದದ್ದು ಹಸುಗಳು. ಬೆಳಿಗ್ಗೆ ಅವರ ಮನೆ ಮುಂದೆ ಕಟ್ಟಿ, ಅವರ ಕಣ್ಣೆದುರೇ ಹಾಲು ಕರೆದು ಕೊಡಬೇಕು. ಇಲ್ಲದಿದ್ದರೆ ನೀರು ಬೆರೆಸಿದ್ದಾಳೆಂಬ ಅನುಮಾನ.

ಹೊಸ ಮನೆಗೆ ಮೊದಲು ಹಸು ಕರು ಹೊಗಬೇಕಲ್ಲ, ಗೃಹಪ್ರವೇಶಕ್ಕೆಲ್ಲ ನಮ್ಮ ಹಸುವೇ ಹೋಗುತ್ತಿತ್ತು. ಒಂದು ಸಲ ಕರೆ ಬಂದದ್ದು ನಮ್ಮ ಹೊಲದ ಮೇಲೇ ಎದ್ದ ಮನೆಯಿಂದ. ನನ್ನ ಮಾವ ಬಾವಿ ತೋಡಿಸಿದ್ದ ಜಾಗ. ಒಳಗೆ ಹೋಗಿ ಒಂದು ಗಳಿಗೆ ನಿಲ್ಲಬೇಕು ಅನ್ನುವುದೊಂದೇ ನನ್ನ ಆಸೆ. ಮದುವೆ ಸೀರೆ ಉಟ್ಟು ಹೋದೆ. ಮನೆಯೊಡತಿ ಹಗ್ಗವನ್ನು ಪುರೋಹಿತರ ಕೈಗೆ ಕೊಡಿಸಿ, "ನೀನು ಇಲ್ಲೇ ಇರಮ್ಮ, ನಾವು ನೋಡ್ಕೋತೀವಿ" ಅಂದರು.

ಹಸು ಮೆಟ್ಟಿಲಲ್ಲೇ ಕಾಲೂರಿತು. ನುಣುಪು ಕಲ್ಲೆಂದರೆ ಅದಕ್ಕೆ ಭಯ. ಬಾಳೆಹಣ್ಣು ತೋರಿಸಿದರು, ಬಾಲ ತಿರುಚಿದರು. ಮುಹೂರ್ತ ಮೀರುತ್ತದೆಂದು ಪುರೋಹಿತರು ಗದರಿದ ಮೇಲೆ ನನ್ನನ್ನು ಕರೆದರು. ನಾನು ಮುಂದೆ ನಡೆದೆ, ಅದು ಹಿಂದೆಯೇ ಬಂತು. ನಡುಮನೆಯಲ್ಲಿ ಸಗಣಿ ಹಾಕಿತು. ಶುಭವಾಯಿತೆಂದು ಎಲ್ಲರೂ ಕೈಮುಗಿದರು. ಬಾವಿ ಯಾವ ಮೂಲೆಗಿತ್ತು ಎಂದು ನಾನು ಇನ್ನೂ ಹುಡುಕುತ್ತಿದ್ದೆ, "ಆಯ್ತಲ್ಲಮ್ಮ, ಹೊರಡು" ಅಂದರು. ಹೊರಗಿನಿಂದ ತಿರುಗಿ ನೋಡಿದರೆ ಸಗಣಿಗೆ ಅರಿಶಿನ, ಕುಂಕುಮ, ಹೂವು. ನಾನು ನಿಂತಿದ್ದ ಜಾಗಕ್ಕೆ ನೀರು ಹಾಕಿ ಒರೆಸುತ್ತಿದ್ದರು.

ಮಗು ಎದ್ದಿತ್ತು, ಎತ್ತಿಕೊಂಡು ಆಡಿಸಿ ಬಂದೆ. ಅಬ್ಬಾ, ಅದರ ಕಣ್ಣೇ ಕಣ್ಣು. ಎಲ್ಲಿಗೆ ನಿಲ್ಲಿಸಿದ್ದೆ?

ಆಮೇಲೆ ಪಕ್ಕದ ರಸ್ತೆಯ ಯಜಮಾನರೊಬ್ಬರು ಹಸು ಕೇಳಲು ಬಂದರು. ನಾನು ಹೇಳಿಯೇಬಿಟ್ಟೆ: "ಹಸು ಬಂದ್ರೆ ನಾನೂ ಬರ್ತೀನಿ ಸಾರ್, ಮುಂಬಾಗಿಲಿಂದ. ಊಟಕ್ಕೆ ಮೊದಲ್ನೇ ಪಂಕ್ತೀಲಿ ನನಗೂ ಎಲೆ ಹಾಕ್ಬೇಕು." ಅವರು ನಕ್ಕು, ಮನೆಯಲ್ಲಿ ಕೇಳಿ ಹೇಳುತ್ತೇನೆಂದು ಹೋದರು. ನಮ್ಮ ಹಸು ಇಲ್ಲದೆ ಇವರು ಹೇಗೆ ಒಳಗೆ ಹೋಗುತ್ತಾರೋ ನೋಡೋಣ ಎಂದು ಕೂತೆ.

ಹೋದರು. ನನ್ನ ಓರಗಿತ್ತಿ ತನ್ನ ಹಸು ಹೊಡೆದುಕೊಂಡು ಹೋದಳು. ಅದು ಸಾಧು, ಹಗ್ಗ ಯಾರು ಹಿಡಿದರೂ ಮೆಟ್ಟಿಲು ಹತ್ತುತ್ತಿತ್ತು. ಮಧ್ಯಾಹ್ನ ಸೆರಗಿನಲ್ಲಿ ಲಾಡು ಕಟ್ಟಿಕೊಂಡು ಬಂದು ಒಂದನ್ನು ನನ್ನ ಕೈಗಿಟ್ಟಳು. ನೀನೆಲ್ಲಿ ನಿಂತಿದ್ದೆ ಎಂದು ಕೇಳಿದೆ.

"ಗೇಟ್ ಹತ್ರಾನೇ ಕಣಕ್ಕ. ನೆರಳಿತ್ತು."

ಲಾಡು ತಿಂದೆ. ತುಪ್ಪದ್ದು, ಚೆನ್ನಾಗಿತ್ತು. ಆ ವರ್ಷ ಅಲ್ಲಿ ಎದ್ದ ಮನೆಗಳಿಗೆಲ್ಲ ಅವಳ ಹಸುವೇ ಹೋಯಿತು. ನನ್ನದನ್ನು ಯಾರೂ ಕೇಳಲಿಲ್ಲ.