ಕ್ಯಾಮೆರಾ ಮೇಳದಲ್ಲೊಂದು ಮದುವೆ

ಸುರಪುರದ ಸುತ್ತಮುತ್ತ ಮದುವೆಯಾದವರಲ್ಲಿ ಅರ್ಧದಷ್ಟು ಮಂದಿ ವಿಡಿಯೋ ಭೀಮಾಶಂಕರನ ಕೈಗೆ ಸಿಕ್ಕವರೇ. ಅವರಲ್ಲಿ ಕೆಲವರು ಈಗ ಬೇರೆ ಬೇರೆ ಮನೆಯಲ್ಲಿದ್ದಾರೆ, ಕೆಲವರು ಕೋರ್ಟಿಗೆ ಅಲೆಯುತ್ತಿದ್ದಾರೆ. ವಿಡಿಯೋ ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ ಎಂದು ಅವನು ಎದೆಯುಬ್ಬಿಸಿ ಹೇಳುತ್ತಾನೆ. ಅವನ ವಿಡಿಯೋದಲ್ಲಿ ಮೊದಲು ಗಣಪತಿ ಗಿರಗಿರ ತಿರುಗುತ್ತಾನೆ. ಆಮೇಲೆ ವರನ ಮುಖ ಗುಲಾಬಿ ಹೂವೊಂದರ ಹೊಟ್ಟೆಯಿಂದ ಹೊರಗೆ ಬರುತ್ತದೆ. ಆಮೇಲೆ ಶುರು ಆಯೇರಿ, ಉಡುಗೊರೆ ಕೊಡುವ ಶಾಸ್ತ್ರ. ನೋಡುವವರು ಎದ್ದುಹೋಗಿ ಉಂಡು, ಒಂದು ನಿದ್ದೆ ತೆಗೆದು ಬಂದರೂ ಅದು ಮುಗಿದಿರುವುದಿಲ್ಲ.

ಆಯೇರಿಯೇ ಅವನ ವಿದ್ಯೆ. ನಮ್ಮ ಕಡೆ ತಾಳಿ ಕಟ್ಟುವುದು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಆಗಿಹೋಗುತ್ತದೆ. ನೆಂಟರು, ಓಣಿಯವರು, ವೈರಿಗಳು ಎಲ್ಲರೂ ಸಾಲಾಗಿ ವೇದಿಕೆ ಹತ್ತಿ, ಸೀರೆಯೋ ಪಾತ್ರೆಯೋ ಲಕೋಟೆಯೋ ಕೊಟ್ಟು, ಕ್ಯಾಮೆರಾ ಕಡೆ ಮುಖ ತಿರುಗಿಸಿ ನಿಲ್ಲುವುದೇ ಉಳಿದ ಮದುವೆ. ಯಾರ ಮುಖವಾದರೂ ವಿಡಿಯೋದಲ್ಲಿ ತಪ್ಪಿತೆಂದರೆ ಎರಡು ಮನೆತನಗಳ ನಡುವೆ ಮಾತು ನಿಂತಿತೆಂದೇ ಲೆಕ್ಕ. ಭೀಮಾಶಂಕರ ಒಬ್ಬರನ್ನೂ ತಪ್ಪಿಸಿದವನಲ್ಲ. ಕಾಲಿನಿಂದ ಹಿಡಿದು ನಿಧಾನಕ್ಕೆ ಮೇಲೇರಿ, ಮುಖದ ಮೇಲೆ ಒಂದಿಷ್ಟು ನಿಂತು, ಮುಂದಿನವರಿಗೆ ಜಾರುವುದು ಅವನ ಪದ್ಧತಿ. ಊಟದ ಪಂಕ್ತಿಯಲ್ಲೂ ಅಷ್ಟೇ, ಬಾಯಿಗಿಟ್ಟ ಬುಂದಿ ಗಂಟಲಿಳಿಯುವವರೆಗೆ ಬಿಡುತ್ತಿರಲಿಲ್ಲ. ಭಾರದ ಕ್ಯಾಮೆರಾ ಹೊತ್ತೂ ಹೊತ್ತೂ ಅವನ ಬಲಭುಜ ಎಡಭುಜಕ್ಕಿಂತ ತಗ್ಗಾಗಿತ್ತು. ಅಂಗಿ ಹೊಲಿಯುವವನು ಪ್ರತಿ ಸಲ ಬೈಯುತ್ತಿದ್ದ.

ಇಂಥವನ ಮಗಳು ಶಿವರಂಜನಿಗೆ ಹುಣಸಗಿಯ ಹುಡುಗನೊಂದಿಗೆ ಮದುವೆ ಗೊತ್ತಾಯಿತು. ಸೀರೆ, ಬಂಗಾರ, ಅಡುಗೆಯವರು ಎಲ್ಲ ತೀರ್ಮಾನವಾದ ಮೇಲೆ ಅವಳು ರೊಟ್ಟಿ ಮುರಿಯುತ್ತ ಅಪ್ಪನ ಎದೆಗೆ ನೇರ ಗುಂಡು ಹೊಡೆದಳು.

"ಅಪ್ಪಾ, ನನ್ನ ಮದುವಿ ವಿಡಿಯೋ ಶಹಾಪುರದ ಶಾರುಖ್ ಮಾಡ್ಲಿ."

"ಯಾಕ, ನಾ ಸತ್ತೀನೇನು?"

"ನಿನ್ನ ವಿಡಿಯೋದಾಗ ಮಂದಿ ಉಣ್ಣೂದು ಬಿಟ್ಟರ ಮತ್ತೇನರ ಕಾಣಸ್ತದೇನು?"

ಭೀಮಾಶಂಕರನ ಹೆಂಡತಿ ಗೊಲ್ಲಾಳಮ್ಮ ಒಲೆಯ ಮುಂದೆ ಕೂತು ಕಿಸಕ್ಕನೆ ನಕ್ಕಳು. ಅದು ಇನ್ನೂ ಹೆಚ್ಚು ಚುಚ್ಚಿತು. ಶಾರುಖ್ ಎಂಬ ಆ ಶಹಾಪುರದ ತರುಣನ ವಿಡಿಯೋಗಳನ್ನು ಭೀಮಾಶಂಕರ ಕದ್ದು ನೋಡಿದ್ದ. ಮಾಡಿದ್ದೆಲ್ಲ ಒಂದು ಹಾಡಿನಷ್ಟು ಉದ್ದ. ಮದುಮಗಳು ನಿಧಾನಕ್ಕೆ ತಿರುಗುತ್ತಾಳೆ, ಒಂದು ಕಿವಿಯೋಲೆ ಕಾಣುತ್ತದೆ, ಒಂದು ದೀಪ, ವರನ ಒಂದು ಬೂಟು. ಹಿಂದೆ ಕೂತ ಬೀಗರೆಲ್ಲ ಹೊಗೆಯಲ್ಲಿ ಸಿಕ್ಕವರ ಹಾಗೆ ಮಸುಕು. ಇದೆಲ್ಲ ಮನುಷ್ಯನ ಕರಾಮತ್ತಲ್ಲ, ಕ್ಯಾಮೆರಾದ್ದು ಎಂಬುದು ಭೀಮಾಶಂಕರನ ಗಟ್ಟಿ ನಂಬಿಕೆ. ಅಂಥ ಕ್ಯಾಮೆರಾ ಕೊಟ್ಟರೆ ಎಮ್ಮೆಯೂ ಸಿನಿಮಾ ತೆಗೆಯುತ್ತದೆ ಎಂದ.

"ಹಂಗಾರ ತಗದ ತೋರ್ಸು," ಎಂದಳು ಮಗಳು. "ಯಾದಗಿರ್ಯಾಗ ಸಿನಿಮಾ ಕ್ಯಾಮೆರಾದ ಮೇಳ ಹಚ್ಯಾರಂತ. ಹೋಗಿ ಅದನ್ನ ಹಿಡದು ಒಂದೀಟು ತಕ್ಕೊಂಡು ಬಾ. ಚಂದ ಬಂದ್ರ ನನ್ನ ಮದುವಿ ನೀನ ಮಾಡು. ಇಲ್ಲಂದ್ರ ಶಾರುಖ್."

ಒಂದು ಜಿಲ್ಲೆಯ ಮದುವೆಗಳನ್ನು ಹೆಗಲ ಮೇಲೆ ಹೊತ್ತವನಿಗೆ ಹೆತ್ತ ಮಗಳ ಮದುವೆಗೆ ಪರೀಕ್ಷೆ. ಅವನಿಗೆ ಅವಮಾನವಾಯಿತು, ಹೊಟ್ಟೆ ಉರಿಯಿತು, ಆದರೂ ಇಸ್ತ್ರಿ ಅಂಗಿ ತೊಟ್ಟು ಬಸ್ಸು ಹತ್ತಿದ. ಗೊಲ್ಲಾಳಮ್ಮನೂ ಜೊತೆಗೆ ಹೊರಟಳು. ಮುದನಾಳದಲ್ಲಿ ಅವಳ ತಂಗಿಯ ಸೊಸೆ ಬಸುರಿ. ಮೇಳ ಮುಗಿಸಿ ಹಾಗೇ ಹೋಗಿ ಉಡಿ ತುಂಬಿ ಬರೋಣವೆಂದು ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಕುಬಸದ ಖಣ ಎಲ್ಲ ಚೀಲದಲ್ಲಿ ಹಾಕಿಕೊಂಡಿದ್ದಳು.

ಮೇಳ ನಡೆದದ್ದು ಯಾದಗಿರಿಯ ಒಂದು ಕಲ್ಯಾಣ ಮಂಟಪದಲ್ಲಿ. ಡಿಜಿಟಲ್ ಸಿನಿಮಾ ಸಲಕರಣೆಗಳ ಮಹಾಮೇಳ ಎಂದು ಬ್ಯಾನರು ಕಟ್ಟಿದ್ದರು. ಬ್ಯಾನರಿನಲ್ಲಿ ಕ್ಯಾಮೆರಾಗಿಂತ ಛಾಯಾಗ್ರಾಹಕರ ಸಂಘದ ಅಧ್ಯಕ್ಷ ಮಲ್ಕಪ್ಪನ ಮುಖವೇ ದೊಡ್ಡದಿತ್ತು. ಒಳಗೆ ಸಾಲಾಗಿ ಸ್ಟಾಲುಗಳು: ಡ್ರೋನು, ಲೈಟು, ಕ್ಯಾಮೆರಾ ಅಲುಗಾಡದಂತೆ ಹಿಡಿಯುವ ಕೋಲು, ಮೊಣಕೈಯುದ್ದದ ಲೆನ್ಸು. ಬಂದವರು ಅವನ್ನೆಲ್ಲ ಗಂಭೀರವಾಗಿ ನೋಡಿ, ಬೆಲೆ ಕೇಳಿ, ಗಂಟಲು ಸರಿಮಾಡಿಕೊಂಡು, ಸ್ಟಾಲಿನವರು ಪುಕ್ಕಟೆ ಕೊಡುತ್ತಿದ್ದ ಬಟ್ಟೆ ಚೀಲ ತೆಗೆದುಕೊಂಡು ಮುಂದಿನ ಸ್ಟಾಲಿಗೆ ಹೋಗುತ್ತಿದ್ದರು. ಗೊಲ್ಲಾಳಮ್ಮ ಒಂದೇ ಸುತ್ತಿನಲ್ಲಿ ಮನೆಗೆ ಸಾಕಾಗುವಷ್ಟು ಚೀಲ ಕೂಡಿಹಾಕಿದಳು.

ಎಲ್ಲರ ಕಣ್ಣಿದ್ದದ್ದು ವೇದಿಕೆಯ ಮೇಲೆ. ಅಲ್ಲಿ ಕಂಪನಿಯವರು ಹೈದರಾಬಾದಿನಿಂದ ಕರೆತಂದ ಗುಡ್ಡಿ ಎಂಬ ಹುಡುಗಿಯನ್ನು ಮದುಮಗಳ ವೇಷದಲ್ಲಿ, ಇನ್ನೊಬ್ಬ ತರುಣನನ್ನು ವರನ ವೇಷದಲ್ಲಿ ಕೂರಿಸಿದ್ದರು. ಎದುರಿಗೆ ಸಿನಿಮಾ ಕ್ಯಾಮೆರಾ. ಅದು ಕಂಡದ್ದೆಲ್ಲ ಹಿಂದಿನ ದೊಡ್ಡ ಪರದೆಯ ಮೇಲೆ ಮೂಡುತ್ತಿತ್ತು. ಅಕ್ಕಿ ಕಾಳು ಗಾಳಿಯಲ್ಲಿ ನಿಧಾನಕ್ಕೆ ಬೀಳುವುದನ್ನು ತೋರಿಸಲೆಂದು ಸಭಿಕರ ಕೈಗೆಲ್ಲ ಅಕ್ಷತೆಯನ್ನೂ ಹಂಚಿದ್ದರು. ಇಷ್ಟೆಲ್ಲ ಲೆಕ್ಕ ಹಾಕಿದ ಕಂಪನಿಗೆ ತಾನು ಯಾವ ಜಿಲ್ಲೆಗೆ ಬಂದಿದ್ದೇನೆ ಎಂಬುದು ಮಾತ್ರ ತಿಳಿದಿರಲಿಲ್ಲ.

ಭೀಮಾಶಂಕರನ ಪಾಳಿ ಬಂತು. "ಎರಡು ನಿಮಿಷ ಸರ್. ನೀವು ತೆಗೆದದ್ದನ್ನ ಪೆನ್ ಡ್ರೈವಿಗೆ ಹಾಕಿ ಕೊಡ್ತೀವಿ. ಫೋಕಸ್ ನೀವೇ ಕೈಯಲ್ಲಿ ತಿರುಗಿಸ್ಕೋಬೇಕು," ಎಂದ ಬೆಂಗಳೂರಿನಿಂದ ಬಂದಿದ್ದ ಕಂಪನಿಯ ತರುಣ.

ಭೀಮಾಶಂಕರ ಕ್ಯಾಮೆರಾಕ್ಕೆ ಕೈ ಮುಗಿದು, ಲೆನ್ಸಿನ ಉಂಗುರ ಹಿಡಿದ. ಸ್ಪೀಕರಿನಲ್ಲಿ ಶಹನಾಯಿ ಹತ್ತಿತು. ಶಹನಾಯಿ ಕಿವಿಗೆ ಬಿದ್ದದ್ದೇ ತಡ, ಅವನ ಬಾಯಿ ಅವನನ್ನು ಕೇಳದೆ ತಾನೇ ತೆರೆಯಿತು.

"ಆಯೇರಿ ಮಾಡೋರು ಬರ್ರಿ. ಗದ್ದಲ ಬ್ಯಾಡ, ಒಬ್ಬೊಬ್ಬರಾಗಿ ಬರ್ರಿ."

ಕೈಯಲ್ಲಿ ಅಕ್ಷತೆ, ಎದುರಿಗೆ ವಧೂವರರು, ಕಿವಿಯಲ್ಲಿ ಶಹನಾಯಿ, ಮೇಲೆ ಈ ಕರೆ. ಮೊದಲು ಎದ್ದವನು ಅಧ್ಯಕ್ಷ ಮಲ್ಕಪ್ಪನೇ. ಅವನು ವೇದಿಕೆ ಕಂಡರೆ ಕೂರುವ ಪೈಕಿ ಅಲ್ಲ. ವರನ ಕೈಗೆ ಕೊಡಲು ಏನೂ ಇಲ್ಲದೆ ಸ್ಟಾಲಿನ ಬಟ್ಟೆ ಚೀಲವನ್ನೇ ಮಡಚಿ ಕೊಟ್ಟು, ಕ್ಯಾಮೆರಾ ಕಡೆ ತಿರುಗಿ ನಿಂತ. ಅವನ ಹಿಂದೆ ಒಬ್ಬ, ಅವನ ಹಿಂದೆ ಇಬ್ಬರು, ನೋಡನೋಡುತ್ತ ಸಾಲು ಬಾಗಿಲ ತನಕ ಬೆಳೆಯಿತು. ಕೆಲವರು ಜೇಬಿನಿಂದ ನೋಟು ತೆಗೆದರು. ಒಬ್ಬನಂತೂ ತನ್ನ ಹೆಸರನ್ನು ಮೈಕಿನಲ್ಲಿ ಹೇಳಬೇಕೆಂದು ಪಟ್ಟು ಹಿಡಿದ.

ಕಂಪನಿಯ ತರುಣ ಎರಡೂ ಕೈ ಚಾಚಿ ಅಡ್ಡ ನಿಂತ. "ಸರ್, ಇದು ನಿಜವಾದ ಮದುವೆ ಅಲ್ಲ ಸರ್, ಡೆಮೊ."

"ಡೆಮೊ ಇದ್ರೇನಾತ್ರಿ, ಖಾಲಿ ಕೈಲೆ ಹ್ಯಾಂಗ ಹೋಗೂದು?" ಎಂದಿತು ಸಾಲು.

ಆ ಗದ್ದಲದಲ್ಲೇ ಗೊಲ್ಲಾಳಮ್ಮ ಚೀಲ ಹಿಡಿದು ವೇದಿಕೆ ಹತ್ತಿದಳು. ಕುಂಕುಮವಿಟ್ಟುಕೊಂಡು ಕೂತ ಹೆಣ್ಣುಮಗಳನ್ನು ಕಂಡೂ ಬರಿಗೈಲಿ ಹೊರಡುವುದು ಅವಳ ಜಾಯಮಾನವಲ್ಲ. ಮುದನಾಳದ ಬಸುರಿಗೆ ಇನ್ನೊಂದು ಖಣ ತಂದರಾಯಿತು ಎಂದುಕೊಂಡು ಗುಡ್ಡಿಯ ಮುಂದೆ ಕೂತಳು.

"ಅಮ್ಮಾ, ಮೇರಿ ಶಾದಿ ನಹೀ ಹೈ," ಎಂದಳು ಗುಡ್ಡಿ, ಕಂಗಾಲಾಗಿ.

"ಆಗ್ತದ ತಂಗಿ. ಇವತ್ತಲ್ಲ ನಾಳಿ ಆಗ್ತದ. ಸೆರಗ ಒಡ್ಡು."

ಗುಡ್ಡಿಗೆ ಮಾತು ಎಷ್ಟು ತಿಳಿಯಿತೋ, ಸೆರಗು ಒಡ್ಡಿದಳು. ಗೊಲ್ಲಾಳಮ್ಮ ಬೊಗಸೆಯಲ್ಲಿ ಅಕ್ಕಿ ಹಾಕಿದಳು, ತೆಂಗಿನಕಾಯಿ ಇಟ್ಟಳು, ಉತ್ತತ್ತಿ, ಖಣ ಇಟ್ಟಳು. ಭೀಮಾಶಂಕರನ ಕ್ಯಾಮೆರಾ ಪದ್ಧತಿಯಂತೆ ಅವಳ ಕಾಲಿನಿಂದ ಶುರುವಾಗಿ, ಸವೆದ ಕಾಲುಂಗುರ, ಅಕ್ಕಿ ಸುರಿಯುವ ಕೈ ದಾಟಿ ಮುಖಕ್ಕೆ ಬಂತು. ಅಲ್ಲಿಂದ ಮುಂದಿನವರಿಗೆ ಜಾರಬೇಕಿತ್ತು.

ಜಾರಲಿಲ್ಲ. ಹಿಂದಿನ ಪರದೆಯ ತುಂಬ ಅವನ ಹೆಂಡತಿಯ ಮುಖ ನಿಂತಿತ್ತು. ಊರವರ ಮುಖವನ್ನೆಲ್ಲ ಇಷ್ಟಿಷ್ಟು ಹತ್ತಿರದಿಂದ ನೋಡಿದವನು ಈ ಒಂದು ಮುಖವನ್ನು ಕ್ಯಾಮೆರಾದಲ್ಲಿ ನೋಡಿದ್ದು ಇದೇ ಮೊದಲು. ಸೆರಗು ಒಡ್ಡಿ ಕೂತ ಪರರ ಹುಡುಗಿಯಲ್ಲಿ ಅವಳು ಶಿವರಂಜನಿಯನ್ನು ನೋಡುತ್ತಿದ್ದಳು, ಇನ್ನು ಕೆಲವೇ ದಿನಗಳಲ್ಲಿ ಹೀಗೇ ಉಡಿ ತುಂಬಿ ಕಳಿಸಬೇಕಾದವಳನ್ನು. ಅವಳ ಕಣ್ಣಿನಿಂದ ಒಂದು ಹನಿ ಅಕ್ಕಿಯ ಮೇಲೆ ಬಿತ್ತು. ಪರದೆಯ ಮೇಲೆ ಆ ಹನಿ ಎಷ್ಟು ನಿಧಾನಕ್ಕೆ ಬಿತ್ತೆಂದರೆ ಸಾಲಿನಲ್ಲಿದ್ದವರೂ ತಮ್ಮ ಪಾಳಿ ಮರೆತು ಪರದೆ ನೋಡಿದರು.

ಆಮೇಲೆ ಪರದೆ ಮಸುಕಾಯಿತು.

"ಸರ್, ಫೋಕಸ್ ಹೋಯ್ತು," ಎಂದ ಕಂಪನಿಯ ತರುಣ.

"ಲೆನ್ಸಿಗೇನೋ ಆಗ್ಯದ ನೋಡ್ರಿ," ಎಂದ ಭೀಮಾಶಂಕರ. ತರುಣ ಮೆತ್ತನೆ ಬಟ್ಟೆಯಿಂದ ಲೆನ್ಸು ಒರೆಸಿದ. ಲೆನ್ಸಿಗೆ ಏನೂ ಆಗಿರಲಿಲ್ಲ. ಭೀಮಾಶಂಕರ ಅಂಗಿಯ ತೋಳಿನಿಂದ ತನ್ನ ಮುಖ ಒರೆಸಿಕೊಂಡು ಮತ್ತೆ ಉಂಗುರ ಹಿಡಿದ. ಮತ್ತೆ ಎಲ್ಲ ಮಂಜು. ಅತ್ತ ಸಾಲಿನವರು ಒಬ್ಬೊಬ್ಬರಾಗಿ ಬಂದು, ಪರದೆಯಲ್ಲಿ ತಮ್ಮ ಮುಖ ಕಾಣದೆ ಸಿಟ್ಟಿಗೆದ್ದು ಇಳಿದರು. ಮುಂದಿನ ಚುನಾವಣೆಯಲ್ಲಿ ಭೀಮಾಶಂಕರನಿಗೆ ಸಂಘದ ಖಜಾಂಚಿ ಸ್ಥಾನವೂ ಸಿಗುವುದಿಲ್ಲ ಎಂದು ಮಲ್ಕಪ್ಪ ಅಲ್ಲೇ ಘೋಷಿಸಿದ.

ಪೆನ್ ಡ್ರೈವು ಕೈಗೆ ಬಂದಾಗ ಪಕ್ಕದಲ್ಲಿ ಶಾರುಖ್ ನಿಂತಿದ್ದ. ಡ್ರೋನು ನೋಡಲು ಬಂದವನು ಎಲ್ಲವನ್ನೂ ನೋಡಿದ್ದ.

"ಕಾಕಾ, ಮುಖದ್ದು ತಗದೀರಲ್ಲ, ಖರೇ ಹೇಳ್ತೀನಿ, ನನ್ನ ಕೈಲಿಂದ ಆಗಂಗಿಲ್ಲ ಅದು," ಎಂದ.

ಗೊಲ್ಲಾಳಮ್ಮ ಮೂಗು ಒರೆಸಿಕೊಳ್ಳುತ್ತ ಗೆದ್ದವಳಂತೆ ನೋಡಿದಳು. "ನಡೀರಿ, ಮಗಳಿಗಿ ತೋರ್ಸೋಣು. ನಿಮ್ಮನ್ನ ಬಿಟ್ಟು ಬ್ಯಾರೆ ಯಾರನ್ನೂ ಕರಿಯಂಗಿಲ್ಲ ಅಕಿ."

ಅದು ಅವನಿಗೂ ಗೊತ್ತಿತ್ತು. ಆ ತುಣುಕು ತೋರಿಸಿದರೆ ಮಗಳು ಒಪ್ಪುತ್ತಾಳೆ. ಅದಕ್ಕೇ ಅವನು ಪೆನ್ ಡ್ರೈವನ್ನು ಜೇಬಿನ ತಳಕ್ಕಿಳಿಸಿ, ಶಾರುಖನ ಹೆಗಲ ಮೇಲೆ ಕೈಯಿಟ್ಟ.

"ನಮ್ಮ ಶಿವರಂಜನಿ ಮದುವಿ ನೀನ ಮಾಡಪ್ಪ."

ಶಾರುಖ್ ಇದರಲ್ಲೇನೋ ಮಸಲತ್ತಿದೆ ಎಂದು ಹೆದರಿದ. "ಬ್ಯಾಡ ಕಾಕಾ. ನೀವ ಮಾಡ್ರಿ, ಬೇಕಾದ್ರ ನಾ ಲೈಟ್ ಹಿಡೀತೀನಿ."

"ಒಲ್ಲೆ," ಎಂದ ಭೀಮಾಶಂಕರ. "ಅವತ್ತು ನಂಗ ಅಳೂದದ. ಕ್ಯಾಮೆರಾ ಹಿಡಕೊಂಡು ಅಳಾಕ ಬರಂಗಿಲ್ಲ."